ಎಳ್ಳಮಾವಾಸ್ಯೆಯಿಂದ ಕಾರಹುಣ್ಣಿಮೆಯವರೆಗೆ: ಎಳೆಯರ ಮನಸ್ಸಿನ ಕಾಯಿಲೆ ಮತ್ತು ಊರಿನ ಹೊಣೆ

(ಕಲಬುರಗಿಯಲ್ಲಿ ಪಾಲಕರು, ಕಾಲೇಜು ಅಧ್ಯಾಪಕರು ಹಾಗೂ ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಇಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹಿರಿಯರಿಗೆ, ತಾಯಂದಿರಿಗೆ, ಅಧ್ಯಾಪಕ ಮಿತ್ರರಿಗೆ ಶರಣು ಶರಣಾರ್ಥಿ.

ನಮ್ಮ ಭಾಗದ ತಾಯಂದಿರು ಕಾಯಿಲೆ ಶುರುವಾದ ದಿನವನ್ನು ತಾರೀಖಿನಲ್ಲಿ ಹೇಳುವುದಿಲ್ಲ, ಹಬ್ಬದಲ್ಲಿ ಹೇಳುತ್ತಾರೆ. ತಾಲೂಕು ದವಾಖಾನೆಯಲ್ಲಿ ಮಾನಸಿಕ ಆರೋಗ್ಯದ ಸಮಾಜ ಕಾರ್ಯಕರ್ತೆಯಾಗಿ ಕುಳಿತು ನಾನು ಬರೆದುಕೊಂಡ ವಹಿಯ ತುಂಬ ನಾಗರಪಂಚಮಿ, ಸೀಗಿಹುಣ್ಣಿಮೆ, ಯುಗಾದಿಗಳೇ ಇವೆ. ಭೀಮಾ ದಂಡೆಯ ಹಳ್ಳಿಯೊಂದರಿಂದ ಬಂದ ತಾಯಿಯೊಬ್ಬರು, “ಎಳ್ಳಮಾಸಿಗಿ ಶುರು ಆಯ್ತು ನೋಡ್ರಿ ಅಕ್ಕೋರೆ” ಎಂದರು. ಅವರು ನನ್ನೆದುರು ಬಂದು ಕುಳಿತಿದ್ದು ಕಾರಹುಣ್ಣಿಮೆ ಕಳೆದ ಮೇಲಿನ ಮಂಗಳವಾರ, ತಾಲೂಕು ದವಾಖಾನೆಗೆ ಮನೋವೈದ್ಯರು ಬರುವ ದಿನ.

ಮಗನಿಗೆ 19 ವರ್ಷ. ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದವನು ಹಬ್ಬಕ್ಕೆಂದು ಊರಿಗೆ ಬಂದಿದ್ದ. ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಪಾಂಡವರನ್ನಿಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಬಜ್ಜಿ, ಹೋಳಿಗೆಯ ಬುತ್ತಿ ಬಿಚ್ಚಿದಾಗ ಅವನು ತಟ್ಟೆ ಮುಟ್ಟಲಿಲ್ಲ. “ಮೊದಲ ನೀ ಉಣ್ಣವ್ವ” ಎಂದನಂತೆ. ಮಗನಿಗೆ ತನ್ನ ಮೇಲೆ ಎಷ್ಟು ಕಕ್ಕುಲಾತಿ ಎಂದು ಆ ತಾಯಿ ಪಕ್ಕದ ಹೊಲದವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡರು. ಅವನು ತಾಯಿ ಒಂದೊಂದು ತುತ್ತನ್ನೂ ನುಂಗುವವರೆಗೆ ಅವರ ಮುಖವನ್ನೇ ನೋಡುತ್ತ ನಿಂತು, ಆಮೇಲೂ ಉಣ್ಣದೆ, ಹೊಲದೊಳಗೆ ಹೋಗಿ ಹಸಿ ಕಡಲೆ ಗಿಡ ಕಿತ್ತು ಅದನ್ನಷ್ಟೇ ತಿಂದ. ಊಟದಲ್ಲಿ ವಿಷ ಬೆರೆಸಿದ್ದಾರೆ ಎಂದು ಯಾರೋ ಅವನ ಕಿವಿಯಲ್ಲಿ ಆಗಲೇ ಹೇಳತೊಡಗಿದ್ದರು ಎನ್ನುವುದು ಮನೆಯವರಿಗೆ ತಿಳಿದದ್ದು ಐದೂವರೆ ತಿಂಗಳ ಮೇಲೆ. ಇದನ್ನು ಹೇಳುವಾಗ ಆ ತಾಯಿ ಅಳಲಿಲ್ಲ. ಮಡಿಲಲ್ಲಿದ್ದ ಕೈಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ಚೀಲದೊಳಗೆ ಎರಡು ತಾಯತ, ಕಾಗದದಲ್ಲಿ ಕಟ್ಟಿದ ಅಂಗಾರ, ಒಣಗಿದ ಒಂದು ಲಿಂಬೆಹಣ್ಣು, ನಿದ್ದೆಗೆಂದು ಯಾರೋ ಕೊಟ್ಟು ಅರ್ಧ ಉಳಿದ ಗುಳಿಗೆಗಳು ಇದ್ದವು.

ನಡುವಿನ ತಿಂಗಳುಗಳಲ್ಲಿ ನಡೆದದ್ದನ್ನು ಅವರಿಂದ, ಆಮೇಲೆ ಹುಡುಗನ ಗೆಳೆಯರಿಂದ ತುಸುತುಸುವಾಗಿ ಕೇಳಿ ತಿಳಿದೆ. ಹಾಸ್ಟೆಲಿಗೆ ಮರಳಿದವನು ರಾತ್ರಿಯೆಲ್ಲ ಎದ್ದಿರುತ್ತಿದ್ದ. ಕೋಣೆಯ ಗೆಳೆಯರು ಪರೀಕ್ಷೆಯ ಹೆದರಿಕೆ ಇರಬೇಕೆಂದುಕೊಂಡರು. ತರಗತಿಗೆ ಬಾರದಾದಾಗ ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯಲಾಯಿತು, ಮತ್ತೇನೂ ಆಗಲಿಲ್ಲ. ಗೆಳೆಯರು ತನ್ನ ಮನಸ್ಸಿನಲ್ಲಿರುವುದನ್ನು ಓದುತ್ತಿದ್ದಾರೆ ಎಂದು ಒಬ್ಬನ ಮೇಲೆ ಕೈ ಮಾಡಿದ ಮೇಲೆ ಅವನನ್ನು ಊರಿಗೆ ಕಳಿಸಿದರು. ಊರಿನಲ್ಲಿ ಗಾಳಿ ಬಡಿದಿದೆ ಎಂದರು, ಭಾನಾಮತಿ ಎಂದರು. ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ ಸಂಗಮದಲ್ಲಿ ಮೀಯಿಸಿದರು. ಯುಗಾದಿಗೆ ಬಂದ ಸೋದರಮಾವ ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದರು. ಅಕ್ಕನಿಗೆ ಗಂಡು ನೋಡುವುದು ನಡೆದಿದ್ದರಿಂದ ವಿಷಯ ಹೊರಗೆ ಹೋಗದಂತೆ ಬಾಗಿಲು ಹಾಕಿಕೊಂಡರು. ಕೊನೆಗೆ ಒಂದು ರಾತ್ರಿ ಅವನು ಹೊಳೆಯ ಕಡೆ ಒಬ್ಬನೇ ನಡೆದು ಹೋಗುತ್ತಿರುವಾಗ ಎತ್ತುಗಳಿಗೆ ಮೇವು ಹಾಕಲು ಎದ್ದಿದ್ದ ಇಬ್ಬರು ನೋಡಿ ಕೈಹಿಡಿದು ಮನೆಗೆ ತಂದರು. ಬೆಳಗಾದ ಮೇಲೆ ಬಂದ ಆಶಾ ಕಾರ್ಯಕರ್ತೆ, “ಮಂಗಳವಾರ ನಾ ಜೋಡಿ ಬರ್ತೀನಿ, ನಡೀರಿ” ಎಂದಳು.

ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದನ್ನು, ಹುಡುಗನ ಒಳಿತಿಗೆಂದೇ ಮಾಡಿದರು. ಆದರೂ ಐದೂವರೆ ತಿಂಗಳು ಹೋಯಿತು. ನಾನು ಇವತ್ತು ಮಾತಾಡಬೇಕೆಂದಿರುವುದು ಈ ಐದೂವರೆ ತಿಂಗಳ ಬಗ್ಗೆ, ಮತ್ತು ಅದರ ಮುಂದಿನ ಎರಡು ಮೂರು ವರ್ಷಗಳ ಬಗ್ಗೆ.

ಇಲ್ಲದ ದನಿ ಕೇಳುವುದು, ಇಲ್ಲದ ರೂಪ ಕಾಣುವುದು, ಯಾರೆಷ್ಟು ತಿಳಿಹೇಳಿದರೂ ಅಲುಗದ ಸಂಶಯ ಬೇರೂರುವುದು, ಮಾತಿನ ಎಳೆ ಕಡಿದು ಹೋಗುವುದು: ಹೀಗೆ ಮನಸ್ಸು ವಾಸ್ತವದ ಹಿಡಿತ ಕಳೆದುಕೊಳ್ಳುವ ಸ್ಥಿತಿಗೆ ವೈದ್ಯರು ಸೈಕೋಸಿಸ್ ಎನ್ನುತ್ತಾರೆ. ಅದು ಇಂತಹ ಲಕ್ಷಣಗಳು ದೀರ್ಘಕಾಲ ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆಯ ಆರಂಭವಿರಬಹುದು, ಉನ್ಮಾದ ಮತ್ತು ಖಿನ್ನತೆಗಳು ಸರದಿಯ ಮೇಲೆ ಬರುವ ಬೈಪೋಲಾರ್ ಕಾಯಿಲೆಯಿರಬಹುದು, ಗಾಂಜಾ ಸೇವನೆಯಿಂದ ಬಂದದ್ದಿರಬಹುದು, ಕೆಲವೊಮ್ಮೆ ಮಿದುಳಿನ ಸೋಂಕು, ಮೂರ್ಛೆರೋಗ, ಥೈರಾಯ್ಡ್ ದೋಷದಂತಹ ದೇಹದ ಕಾಯಿಲೆಯೇ ಇರಬಹುದು. ಆದ್ದರಿಂದಲೇ ಮೊದಲ ಸಲ ಹೀಗಾದಾಗ ವೈದ್ಯರ ತಪಾಸಣೆ ತಪ್ಪಿಸಬಾರದು. ಬಹುಪಾಲು ಇದು ತಲೆದೋರುವುದು 15ರಿಂದ 30ರ ವಯಸ್ಸಿನೊಳಗೆ, ಅಂದರೆ ಓದು, ನೌಕರಿ, ಮದುವೆ ಎಲ್ಲವೂ ರೂಪ ತಳೆಯುವ ಹೊತ್ತಿನಲ್ಲಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ನೂರು ವಯಸ್ಕರಲ್ಲಿ 1.4 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂತಹ ಕಾಯಿಲೆಗೆ ಒಳಗಾಗುತ್ತಾರೆ. ಸಾವಿರ ವಯಸ್ಕರಿರುವ ಊರು ಎಂದಿಟ್ಟುಕೊಂಡರೆ 14 ಮಂದಿ. ಅದೇ ಸಮೀಕ್ಷೆ ಹೇಳುವಂತೆ ಕಾಯಿಲೆಯಿದ್ದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಚಿಕಿತ್ಸೆಯಿಂದ ಹೊರಗಿದ್ದಾರೆ.

ಕಾಯಿಲೆ ಒಂದೇ ರಾತ್ರಿಯಲ್ಲಿ ಮೈಮೇಲೆ ಬೀಳುವುದು ಕಡಿಮೆ. ನಿದ್ದೆ ಕೆಡುತ್ತದೆ, ಹುಡುಗ ಕಟ್ಟೆಗೆ ಬರುವುದನ್ನು ಬಿಡುತ್ತಾನೆ, ಚೆನ್ನಾಗಿ ಓದುತ್ತಿದ್ದ ಹುಡುಗಿಯ ಅಂಕ ಕುಸಿಯುತ್ತದೆ, ಸ್ನಾನ ತಪ್ಪುತ್ತದೆ, ಒಬ್ಬರೇ ನಗುತ್ತಾರೆ, ಕಿಟಕಿ ಮುಚ್ಚಿ ಕೂರುತ್ತಾರೆ. ಇವುಗಳಲ್ಲಿ ಒಂದೊಂದೇ ಹರೆಯದ ಮಕ್ಕಳಲ್ಲಿ ಸಹಜವೆನಿಸಬಹುದು. ನಾಲ್ಕೈದು ಒಟ್ಟಿಗೆ ಬಂದು, ವಾರಗಟ್ಟಲೆ ನಿಂತು, ‘ಇವನು ಮೊದಲಿನ ಹಾಗಿಲ್ಲ’ ಎಂದು ಮನೆಯವರ ಕರುಳಿಗೆ ಅನಿಸಿದರೆ ಆ ಅನಿಸಿಕೆಯನ್ನು ನಂಬಿರಿ.

ಮೊದಲ ಲಕ್ಷಣಕ್ಕೂ ಮೊದಲ ಚಿಕಿತ್ಸೆಗೂ ನಡುವೆ ಎಷ್ಟು ಕಾಲ ಕಳೆಯುತ್ತದೆ ಎನ್ನುವುದರ ಮೇಲೆ ಗುಣವಾಗುವ ಬಗೆ ಬಹುಮಟ್ಟಿಗೆ ನಿಂತಿದೆ ಎನ್ನುವುದನ್ನು ಮೂರು ದಶಕಗಳ ಸಂಶೋಧನೆ ತೋರಿಸಿಕೊಟ್ಟಿದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮನೋವೈದ್ಯ ಪ್ಯಾಟ್ರಿಕ್ ಮೆಕ್‌ಗೋರಿ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿ ಎಳೆಯರಿಗೆಂದೇ ಪ್ರತ್ಯೇಕ ಸೇವೆ ಆರಂಭಿಸಿದ್ದು ಇದೇ ಕಾರಣಕ್ಕೆ. ಹಳೆಯ ರೋಗಿಗಳ ನಡುವೆ ಕುಳ್ಳಿರಿಸಿದ 18ರ ಹುಡುಗ ತನ್ನ ಮುಂದಿನ ಬದುಕೂ ಇಷ್ಟೇ ಎಂದು ಎದೆಗುಂದುತ್ತಾನೆ. ನಮ್ಮ ದೇಶದಲ್ಲಿ, ಡಾ. ಶಾರದಾ ಮೆನನ್ ಅವರು 1984ರಲ್ಲಿ ಚೆನ್ನೈಯಲ್ಲಿ ಕಟ್ಟಿದ, ಸ್ಕಿಜೋಫ್ರೇನಿಯಾ ಕುರಿತು ಸಂಶೋಧನೆ ನಡೆಸುವ ಸ್ಕಾರ್ಫ್ ಸಂಸ್ಥೆಯು ಕೆನಡಾದ ಮಾಂಟ್ರಿಯಲ್‌ನ ತಂಡದೊಂದಿಗೆ ಸೇರಿ ಮೊದಲ ಬಾರಿ ಸೈಕೋಸಿಸ್ ಬಂದವರನ್ನು ವರ್ಷಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದೆ. ಮೊದಲ ಎರಡರಿಂದ ಐದು ವರ್ಷ ನಿರ್ಣಾಯಕ. ಆ ಅವಧಿಯಲ್ಲಿ ಉಳಿಸಿಕೊಂಡದ್ದು ಉಳಿಯುತ್ತದೆ, ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಕಷ್ಟ. ಆತ್ಮಹತ್ಯೆಯ ಅಪಾಯವೂ ಮೊದಲ ವರ್ಷದಲ್ಲೇ ಹೆಚ್ಚು, ಅದರಲ್ಲೂ ದನಿಗಳು ಅಡಗಿ, ತನಗೇನಾಗಿತ್ತು ಎಂಬ ಅರಿವು ಮೂಡುವ ಹೊತ್ತಿನಲ್ಲಿ. ಮಗ ಸುಧಾರಿಸಿದ ಎಂದು ಮನೆಯವರು ನಿಟ್ಟುಸಿರು ಬಿಡುವ ದಿನಗಳಲ್ಲೇ ಅವನ ಜೊತೆ ಯಾರಾದರೂ ಕುಳಿತಿರಬೇಕಾಗುತ್ತದೆ.

ಏನನ್ನು ಕಳೆದುಕೊಳ್ಳುತ್ತಾರೆ ಎಂದು ಕೇಳಿದರೆ ನನ್ನ ಅನುಭವದ ಉತ್ತರ ಒಂದೇ: ಜಾಗವನ್ನು. ಜಾತ್ರೆಯ ದಿನ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ಲು ಹಾಕಿ ಸೀಟು ಹಿಡಿಯುವುದನ್ನು ನೀವೆಲ್ಲ ನೋಡಿದ್ದೀರಿ, ಮಾಡಿಯೂ ಇದ್ದೀರಿ. ಹಿಂದೆ ಬರುವವರಿಗಾಗಿ ಗೆಳೆಯನೊಬ್ಬ ಜಾಗ ಹಿಡಿದು, ಎಷ್ಟು ಜನ ಬಂದು ಜಗಳಾಡಿದರೂ ಬಿಟ್ಟುಕೊಡುವುದಿಲ್ಲ. ಕಾಯಿಲೆ ಬಿದ್ದ ಹುಡುಗನಿಗೆ ಈ ಟವೆಲ್ಲು ಹಾಕುವವರು ಇರುವುದಿಲ್ಲ. ತೀವ್ರ ಲಕ್ಷಣಗಳು ಸರಿಯಾದ ಗುಳಿಗೆಯಿಂದ ಬಹಳ ಮಂದಿಯಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಇಳಿಯುತ್ತವೆ. ಅಷ್ಟರೊಳಗೆ ಕಾಲೇಜಿನಲ್ಲಿ ಹಾಜರಿ ಸಾಲದೆ ವರ್ಷ ಹೋಗಿರುತ್ತದೆ, ಹಾಸ್ಟೆಲಿನ ಮಂಚ ಬೇರೆಯವರ ಪಾಲಾಗಿರುತ್ತದೆ, ಕಿರಾಣಿ ಅಂಗಡಿಯ ಸಾಹುಕಾರರು ಬೇರೆ ಹುಡುಗನನ್ನು ಇಟ್ಟುಕೊಂಡಿರುತ್ತಾರೆ, ಗೆಳೆಯರು ವಾಟ್ಸಾಪ್ ಗುಂಪಿನಿಂದ ತೆಗೆದಿರುತ್ತಾರೆ. ಮನೆಯಲ್ಲಿಯೂ ‘ಅವನಿಗಿ ಏನ್ ಕೇಳೂದು ಬಿಡ್ರಿ’ ಎಂಬ ಮಾತು ರೂಢಿಯಾಗಿರುತ್ತದೆ. ಕಾಯಿಲೆ ಇಳಿದರೂ ಅವನು ಮರಳಿ ಬರಲು ಜಾಗವೇ ಉಳಿದಿರುವುದಿಲ್ಲ.

ಗುಳಿಗೆ ಕೊಡುವುದು ವೈದ್ಯರ ಕೆಲಸ. ಜಾಗ ಹಿಡಿದಿಡುವುದು ವೈದ್ಯರಿಂದ ಆಗುವ ಕೆಲಸವಲ್ಲ. ಅದು ಪ್ರಾಂಶುಪಾಲರಿಂದ, ವಾರ್ಡನ್‌ರಿಂದ, ಅಂಗಡಿಯವರಿಂದ, ಓಣಿಯವರಿಂದ ಆಗಬೇಕು. ನಾನು ಹೇಳಿದ ಹುಡುಗನ ವಿಷಯದಲ್ಲಿ ಅಧ್ಯಾಪಕರೊಬ್ಬರು ವೈದ್ಯರ ಪ್ರಮಾಣಪತ್ರ ತರಿಸಿಕೊಂಡು, ಅವನ ಹೆಸರು ಹೊಡೆದುಹೋಗದಂತೆ ನೋಡಿಕೊಂಡು, ಮೊದಲ ತಿಂಗಳು ದಿನಕ್ಕೆ ಎರಡೇ ತರಗತಿಗೆ ಬಂದರೆ ಸಾಕು ಎಂದರು. ಇದು ದೊಡ್ಡ ಯೋಜನೆಯೇನೂ ಅಲ್ಲ. ಅದರಿಂದ ಅವನು ‘ರೋಗಿ’ಯಾಗದೆ ವಿದ್ಯಾರ್ಥಿಯಾಗಿಯೇ ಉಳಿದ. ಅವನು ಹೊಡೆದಿದ್ದ ಗೆಳೆಯನೇ ಬೆಳಿಗ್ಗೆ ಕೋಣೆಯ ಬಾಗಿಲಿಗೆ ಬಂದು ಕರೆದುಕೊಂಡು ಹೋಗುತ್ತಿದ್ದ. ಏನು ಮಾತಾಡುತ್ತಿದ್ದೆ ಎಂದು ಕೇಳಿದ್ದಕ್ಕೆ, “ಏನಿಲ್ರಿ ಮೇಡಂ, ಕ್ರಿಕೆಟ್ ಸ್ಕೋರ್ ಹೇಳ್ತಿದ್ದೆ” ಎಂದ. ಹಾಗೆ ನೋಡಿದರೆ ಅದಕ್ಕಿಂತ ಒಳ್ಳೆಯ ಮಾತು ನನಗೂ ಹೊಳೆಯುತ್ತಿರಲಿಲ್ಲ.

ದುಡಿಯಲು ಹೈದರಾಬಾದ್, ಪುಣೆ, ಮುಂಬೈಗೆ ಹೋಗುವ ನಮ್ಮ ಯಾದಗಿರಿ, ಬೀದರ್, ಕಲಬುರಗಿ ಹುಡುಗರ ಪಾಡು ಇನ್ನೂ ಕಷ್ಟದ್ದು. ಕಟ್ಟಡದ ಶೆಡ್ಡಿನಲ್ಲಿ ಕಾಯಿಲೆ ತಲೆದೋರಿದರೆ ಗುಂಪಿನವರು ರೈಲು ಹತ್ತಿಸಿ ಊರಿಗೆ ತಂದು ಬಿಡುತ್ತಾರೆ. ಅಲ್ಲಿ ಬರೆದುಕೊಟ್ಟ ಔಷಧಿಯ ಚೀಟಿ ಅಲ್ಲೇ ಕಳೆದುಹೋಗುತ್ತದೆ. ಆ ಚೀಟಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯವರಿಗೆ ಕಳಿಸಿ ಎಂದು ಮೇಸ್ತ್ರಿಗಳಿಗೆ ನಾನು ಎಲ್ಲಿ ಸಿಕ್ಕರೂ ಹೇಳುತ್ತೇನೆ.

ಮನೆಯ ಮಾತಿನ ಬಗ್ಗೆ ಒಂದಿಷ್ಟು ನಿಂತು ಹೇಳಬೇಕು. ಇಂಗ್ಲೆಂಡಿನಲ್ಲಿ ಹಿಂದೆ ನಡೆದ ಅಧ್ಯಯನಗಳು ಗುಣವಾಗಿ ಮನೆಗೆ ಹೋದವರಲ್ಲಿ ಯಾರಿಗೆ ಕಾಯಿಲೆ ಮರುಕಳಿಸುತ್ತದೆ ಎಂದು ಹುಡುಕಿದಾಗ, ಬೈಗುಳ, ಹಗೆತನ ಮತ್ತು ಅತಿಯಾದ ಕಾವಲು ಇರುವ ಮನೆಗಳಲ್ಲಿ ಅದು ಹೆಚ್ಚೆಂದು ಕಂಡುಬಂತು. ಇದೇ ಅಳತೆಗೋಲು ಹಿಡಿದು ಡಾ. ನರೇಂದ್ರ ವಿಗ್ ಮತ್ತು ಸಂಗಡಿಗರು ಚಂಡೀಗಢದಲ್ಲಿ ನೋಡಿದಾಗ, ಅಂತಹ ಕಟುಮಾತಿನ ಮನೆಗಳು ಲಂಡನ್ನಿಗಿಂತ ಕಡಿಮೆಯಿದ್ದವು. 1987ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮ ಕೂಡುಕುಟುಂಬದ ಬಲವನ್ನು ತೋರಿಸುತ್ತದೆ. ಆದರೆ ಆ ಬಲವಿದೆ ಎಂದು ನಾವು ಸುಮ್ಮನಿರುವಂತಿಲ್ಲ. ‘ಮೈಗಳ್ಳ’, ‘ನಾಟಕ ಮಾಡ್ತಾನ’, ‘ಓದಿಸಿದ್ದೇ ತಪ್ಪಾಯ್ತು’ ಎಂಬ ಮಾತುಗಳನ್ನು ನಾನು ವಾರವಾರವೂ ಕೇಳುತ್ತೇನೆ. ದನಿ ಕೇಳುತ್ತದೆ ಎನ್ನುವವನ ಜೊತೆ ‘ಇಲ್ಲ, ಸುಳ್ಳು’ ಎಂದು ವಾದಕ್ಕಿಳಿಯುವುದು ಬೇಡ, ‘ಹೌದು, ನನಗೂ ಕೇಳುತ್ತದೆ’ ಎನ್ನುವುದೂ ಬೇಡ. “ನನಗ ಕೇಳ್ಸವಲ್ದು ಮಗಾ, ಆದ್ರ ನಿನಗ ಭಾಳ ತ್ರಾಸ ಆಗ್ಲಿಕತ್ತದ ಅಂತ ಗೊತ್ತಾಗ್ತದ” ಎನ್ನಿ. ನಿಜವೂ ಉಳಿಯುತ್ತದೆ, ನಂಟೂ ಉಳಿಯುತ್ತದೆ.

ಇನ್ನು ದೇವರು, ದರ್ಗಾಗಳ ವಿಷಯ. ಗಾಣಗಾಪುರದ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಗಾಳಿ ಸೋಕಿದವರೆಂದು ಕರೆತಂದವರು ಕಂಬ ಹತ್ತಿ ಕೂಗುವುದನ್ನು ನೋಡದವರು ಈ ಸಭೆಯಲ್ಲಿ ಕಡಿಮೆ. ಅಲ್ಲಿಗೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ದಾರಿ ಕಾಣದ ತಾಯಿಗೆ ಅಲ್ಲಿ ಸಿಗುವ ಸಮಾಧಾನ ಸುಳ್ಳಲ್ಲ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಸರಪಳಿ ಬಿಗಿಯುವುದು ಭಕ್ತಿಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಬಳಿಯ ಆಶ್ರಯಕ್ಕೆ ಬೆಂಕಿ ಬಿದ್ದಾಗ, ಸರಪಳಿ ಕಟ್ಟಿದ್ದರಿಂದ ಓಡಲಾರದೆ 28 ಮಂದಿ ಸತ್ತರು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನು ಯಾವ ರೂಪದಲ್ಲಿಯೂ ನಿಷೇಧಿಸುತ್ತದೆ. ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿಯೂ 2017ರ ಅಮಾನವೀಯ ಆಚರಣೆಗಳ ವಿರುದ್ಧದ ಕಾಯ್ದೆಯಿದೆ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾ ಎಂಬಲ್ಲಿ ಮೀರಾ ದಾತಾರ್ ದರ್ಗಾದ ಮುಜಾವರರು ತಮ್ಮಲ್ಲಿಗೆ ಬಂದವರನ್ನು ಅಲ್ಲಿಯೇ ಇರುವ ಮನೋವೈದ್ಯರ ಬಳಿ ಕಳಿಸುವ ಏರ್ಪಾಡು ನಡೆದುಬಂದಿದೆ. ಅದರ ಹೆಸರು ‘ದವಾ–ದುವಾ’. ದವಾಖಾನೆ ಎನ್ನುವ ಪದವನ್ನೇ ಮನೆಮಾತಾಗಿಸಿಕೊಂಡಿರುವ ನಮಗೆ ಈ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೂಜಾರಿಗಳೂ ಮುಜಾವರರೂ ‘ಇದಕ್ಕೆ ಗುಳಿಗೆಯೂ ಬೇಕು’ ಎಂದು ಒಂದು ಮಾತು ಸೇರಿಸಿದರೆ, ನನ್ನ ಒಂದು ವರ್ಷದ ಅಲೆದಾಟದಿಂದ ಆಗದ್ದು ಒಂದು ಹುಣ್ಣಿಮೆಯಲ್ಲಿ ಆಗುತ್ತದೆ.

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಮದುವೆಯಾಗದ ಹುಡುಗಿಗೆ ಕಾಯಿಲೆ ಬಂದರೆ ಗುರುತಿನವರು ನೋಡಿಯಾರೆಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ಯುತ್ತಾರೆ. ದೂರ ಹೆಚ್ಚಾದಂತೆ ಎರಡನೆಯ ಭೇಟಿ ತಪ್ಪುತ್ತದೆ. ಮುಚ್ಚಿಟ್ಟು ಮದುವೆ ಮಾಡಿದರೆ ಗಂಡನ ಮನೆಯಲ್ಲಿ ಗುಳಿಗೆ ನುಂಗಲು ಹೆದರಿ ನಿಲ್ಲಿಸುತ್ತಾಳೆ, ಕಾಯಿಲೆ ಮರುಕಳಿಸುತ್ತದೆ, ತವರಿಗೆ ಕಳಿಸುತ್ತಾರೆ. ಮದುವೆ ಔಷಧಿಯಲ್ಲ, ಮೊದಲು ಗುಣವಾಗಲಿ, ಆಮೇಲೆ ಎರಡೂ ಕಡೆ ತಿಳಿದು ಮದುವೆಯಾಗಲಿ. ಹೆರಿಗೆಯಾಗಿ ಮೊದಲೆರಡು ವಾರಗಳಲ್ಲಿ ಬರುವ, ನಮ್ಮವರು ಬಾಣಂತಿ ಸನ್ನಿ ಎನ್ನುವ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣಿಸುತ್ತದೆ. ಅದು ಕಾಯುವಂತಹ ಕಾಯಿಲೆಯಲ್ಲ. ತಾಯಿ ಮಗು ಇಬ್ಬರ ಜೀವದ ಪ್ರಶ್ನೆ, ಅದೇ ದಿನ ದವಾಖಾನೆಗೆ ಬರಬೇಕು.

ಗುಳಿಗೆ ಒಮ್ಮೆ ಹಿಡಿದರೆ ಸಾಯುವವರೆಗೆ ಬಿಡುವಂತಿಲ್ಲ ಎಂಬ ಭಯ ಬಹಳ ಜನರನ್ನು ತಡೆಯುತ್ತದೆ. ಮೊದಲ ಸಲದ ಕಾಯಿಲೆಯಲ್ಲಿ ಸಾಮಾನ್ಯವಾಗಿ, ಗುಣವಾದ ಮೇಲೆ ಒಂದೆರಡು ವರ್ಷ ಮುಂದುವರಿಸಿ, ಆಮೇಲೆ ವೈದ್ಯರೊಂದಿಗೆ ಕೂಡಿ ತೀರ್ಮಾನಿಸುವುದು ರೂಢಿ. ತಾವಾಗಿಯೇ ನಿಲ್ಲಿಸಿದವರಲ್ಲಿ ಕಾಯಿಲೆ ಮರಳುವುದು ಬಹಳ ಹೆಚ್ಚು. ಕೈ ನಡುಗುವುದು, ಮೈ ಬಿಗಿಯುವುದು, ನಿದ್ದೆಯ ಮಂಪರು, ತೂಕ ಏರುವುದು ಇವೆಲ್ಲ ನಿಜ; ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಔಷಧಿ ಬದಲಿಸುತ್ತಾರೆ. ನಮ್ಮ ಜಿಲ್ಲೆಗಳಿಗೆ ವಿಶೇಷವಾಗಿ ಒಂದು ಎಚ್ಚರಿಕೆ ಬೇಕು: ಈ ಔಷಧಿಗಳಲ್ಲಿ ಹಲವು ದೇಹ ತನ್ನನ್ನು ತಾನು ತಂಪಾಗಿಸಿಕೊಳ್ಳುವ ಶಕ್ತಿಯನ್ನು ತಗ್ಗಿಸುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇವುಗಳನ್ನು ನುಂಗುವ ಹುಡುಗನನ್ನು ನಡುಮಧ್ಯಾಹ್ನ ಹೊಲಕ್ಕೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಕಳಿಸಬೇಡಿ. ನೀರು, ಮಜ್ಜಿಗೆ, ಅಂಬಲಿ ಮೇಲಿಂದ ಮೇಲೆ ಕುಡಿಸಿ.

ಸಮುದಾಯದ ಕೈಯಲ್ಲಿ ಈ ಕೆಲಸ ಆಗುತ್ತದೆಯೇ ಎಂದು ಸಂಶಯಪಡುವವರಿಗೆ ದೂರದ ಉದಾಹರಣೆ ಬೇಕಿಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ನಮ್ಮದೇ ಭಾಗದ ಬಳ್ಳಾರಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು; 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2014ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ ಸ್ಕಿಜೋಫ್ರೇನಿಯಾ ಇದ್ದ 282 ಮಂದಿಯಲ್ಲಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ನೆರವಾದಾಗ ಬರೀ ಆಸ್ಪತ್ರೆಯ ಚಿಕಿತ್ಸೆಗಿಂತ ತುಸು ಹೆಚ್ಚಿನ ಸುಧಾರಣೆ ಕಂಡಿತು. ತುಸು ಎಂದು ನಾನು ಬೇಕೆಂದೇ ಹೇಳುತ್ತಿದ್ದೇನೆ. ಇಲ್ಲಿ ಪವಾಡವಿಲ್ಲ, ಬಿಡದೆ ಹೋಗಿಬರುವ ಕೆಲಸವಿದೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿರುವುದರಿಂದ, ಕಾಯಿಲೆ ದೀರ್ಘವಾಗಿ ಉಳಿದವರಿಗೆ ಪ್ರಮಾಣಪತ್ರ, ಮಾಸಾಶನ ಮಾಡಿಸುವುದರಲ್ಲಿಯೂ ಇವರ ನೆರವು ಸಿಗಬೇಕು.

ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು ನಿಂತು, “ನಮ್ಮ ಓಣ್ಯಾಗ ಇಂಥಾದೇ ಒಬ್ಬ ಹುಡುಗ ಅದಾನ್ರಿ. ನಾ ಅವನ ಸಂಬಂಧಿಕನೂ ಅಲ್ಲ. ನಾಳಿ ಮುಂಜಾನಿ ನಾ ಏನ್ ಮಾಡ್ಲಿ?” ಎಂದು ಕೇಳಿದರು. ಇಡೀ ದಿನದ ಒಳ್ಳೆಯ ಪ್ರಶ್ನೆ ಅದು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನಾಳೆ ಹೋಗಿ ಅವರ ಮನೆಯಲ್ಲಿ ಚಹಾ ಕುಡಿಯಿರಿ. ಕಾಯಿಲೆಯ ಮಾತು ಎತ್ತಬೇಡಿ. ಹುಡುಗನನ್ನು ಹೆಸರು ಹಿಡಿದು ಮಾತಾಡಿಸಿ, ಉತ್ತರ ಬಾರದಿದ್ದರೂ ಬೇಸರಪಡಬೇಡಿ. ಎರಡನೆಯ ಸಲ ಹೋದಾಗ ತಾಯಿಯನ್ನು ಬದಿಗೆ ಕರೆದು, ನಿದ್ದೆ ಮಾಡುತ್ತಾನೆಯೇ, ಉಣ್ಣುತ್ತಾನೆಯೇ ಎಂದು ಕೇಳಿ. ಅವರು ಮಾತಾಡಲು ಕಾಯುತ್ತಿರುತ್ತಾರೆ. ರಾತ್ರಿಯಾಗಲಿ ಹಗಲಾಗಲಿ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ ಅದು, ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತಾಡಿದರೆ, ಅನ್ನ ನೀರು ಬಿಟ್ಟರೆ, ಯಾರಿಗಾದರೂ ಅಪಾಯವಾಗುವಂತಿದ್ದರೆ ಮಂಗಳವಾರಕ್ಕೆ ಕಾಯದೆ ಜಿಲ್ಲಾ ಕೇಂದ್ರದ ಸರ್ಕಾರಿ ದವಾಖಾನೆಗೆ ಕರೆದೊಯ್ಯಿರಿ. ಅಷ್ಟು ತುರ್ತಿಲ್ಲದಿದ್ದರೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ದವಾಖಾನೆಗೆ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಮೊದಲೇ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಆ ದಿನ ತಾಯಿಯೊಬ್ಬಳೇ ಅವನನ್ನು ಬಸ್ಸಿನಲ್ಲಿ ಕರೆತರುವುದು ಕಷ್ಟ, ನೀವೂ ಹತ್ತಿರಿ, ಅವನನ್ನು ಕಿಟಕಿಯ ಬದಿಗೆ ಕೂರಿಸಿ. ಸರದಿ ಉದ್ದವಿರುತ್ತದೆ, ಮಧ್ಯಾಹ್ನವಾಗಬಹುದು. ಮೂವರಿಗೂ ಆಗುವಷ್ಟು ರೊಟ್ಟಿ ಕಟ್ಟಿಸಿಕೊಂಡು ಹೋಗಿ, ಅವನು ಮೊದಲು ನೀವು ಉಣ್ಣಿ ಎಂದರೆ ಮೊದಲು ನೀವೇ ಉಣ್ಣಿ.